ವಿರಾಜಪೇಟೆ ವಕೀಲೆ, ಕೆನಡಾದ ಕ್ರಿಮಿನಲ್ ಪೇಪರ್

ಹೊರದೇಶದಲ್ಲಿ ಕಾನೂನು ಓದಿದವರು ಕೆನಡಾದಲ್ಲಿ ವಕೀಲರಾಗಲು ಬರೆಯಬೇಕಾದ ಎನ್‌ಸಿಎ ಪರೀಕ್ಷೆಗೆ ಕೂರುವ ನಮ್ಮ ಕಡೆಯ ವಕೀಲರೇ, ದಿನಾ ಮಾಡುವ ಕೆಲಸ ಯಾವುದೋ ಆ ಪೇಪರ್‌ಗೇ ಜಾಸ್ತಿ ಓದಿ. ನಾನು ಉಲ್ಟಾ ಮಾಡಿದೆ.

ವಿರಾಜಪೇಟೆ ಕೋರ್ಟಿನಲ್ಲಿ ನನ್ನದು ಬಹುಪಾಲು ಕ್ರಿಮಿನಲ್ಲೇ. ಕಣದಲ್ಲಿ ಒಣಗಲು ಹಾಕಿದ ಕಾಫಿ ಕದ್ದದ್ದು, ಬೀಟೆ ಮರ ಕಡಿದದ್ದು, ಗಾಂಜಾ, ನಡುವೆ ಚೆಕ್ ಬೌನ್ಸ್. ಯಜಮಾನರಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗಿ ಸುಮ್ನೆ ಮನೆಯಲ್ಲಿ ಕೂರುವುದು ನನ್ನಿಂದಾಗದ ಕೆಲಸ. ಅರ್ಜಿ ಹಾಕಿದೆ.

ಆ ಅರ್ಜಿಯದ್ದೇ ಒಂದು ದೊಡ್ಡ ಕಥೆ. ಮಾರ್ಕ್ಸ್ ದಾಖಲೆ ನಾವು ಕಳಿಸುವ ಹಾಗಿಲ್ಲ, ಯುನಿವರ್ಸಿಟಿಯೇ ನೇರವಾಗಿ ಕಳಿಸಬೇಕು. ಇದನ್ನು ಕೌಂಟರಿನಲ್ಲಿ ಕೂತವರಿಗೆ ಅರ್ಥ ಮಾಡಿಸುವುದಕ್ಕಿಂತ ಹೋಸ್ಟೈಲ್ ಸಾಕ್ಷಿಯನ್ನು ಕ್ರಾಸ್ ಮಾಡುವುದು ಸುಲಭ. ಜೊತೆಗೆ ಹೆಸರಿನ ತಕರಾರು. ನಮ್ಮಲ್ಲಿ ಮನೆಹೆಸರು ಮೊದಲು, ಆಮೇಲೆ ಅಪ್ಪನದು, ಕೊನೆಗೆ ನಮ್ಮದು. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು, ಆಧಾರಿನಲ್ಲಿ ಗಂಡನ ಮನೆಹೆಸರು. ಊರಿಗೆಲ್ಲ 'ಇಬ್ಬರೂ ಒಬ್ಬರೇ' ಅಂತ ಅಫಿಡವಿಟ್ ಮಾಡಿಕೊಡುವವಳು ನನಗೇ ಒಂದು ಮಾಡಿಕೊಂಡು ನೋಟರಿ ಮುಂದೆ ನಿಂತೆ.

ಕೊನೆಗೆ ಅಸೆಸ್‌ಮೆಂಟ್, ಅಂದರೆ ಯಾವ ಯಾವ ಪೇಪರ್ ಬರೆಯಬೇಕು ಅನ್ನುವ ಪಟ್ಟಿ, ಬಂತು. ಎಲ್ಲರಿಗೂ ಇರುವ ಐದು ವಿಷಯಗಳೇ: ಸಂವಿಧಾನ, ಆಡಳಿತ ಕಾನೂನು, ಕ್ರಿಮಿನಲ್, ಫೌಂಡೇಶನ್ಸ್ (ಕೆನಡಾ ಕಾನೂನಿನ ಬುನಾದಿ), ವೃತ್ತಿ ನೀತಿ. ಮೂರು ಗಂಟೆ, ಪುಸ್ತಕ ನೋಡಿ ಬರೆಯಬಹುದು, 50 ಬಂದರೆ ಪಾಸ್. ಕ್ರಿಮಿನಲ್ ಮೊದಲು ಮುಗಿಸಿಬಿಡೋಣ ಅಂದುಕೊಂಡೆ. ಓದಿದ್ದು ಅದನ್ನೇ ಕಡಿಮೆ. ಬೇಲ್, ಮಹಜರು, ರಿಕವರಿ ಇದನ್ನೆಲ್ಲ ನನಗೆ ಯಾರು ಹೇಳಿಕೊಡಬೇಕು?

ಓದುವಾಗ ನಕ್ಕದ್ದೂ ಇದೆ. ಅಲ್ಲಿ 2016ರ ಜೋರ್ಡನ್ ತೀರ್ಪಿನ ಪ್ರಕಾರ ಚಾರ್ಜ್ ಹಾಕಿದ ದಿನದಿಂದ ಪ್ರಾವಿನ್ಷಿಯಲ್ ಕೋರ್ಟಿನಲ್ಲಿ 18 ತಿಂಗಳು, ಸುಪೀರಿಯರ್ ಕೋರ್ಟಿನಲ್ಲಿ 30 ತಿಂಗಳು ದಾಟಿದರೆ ವಿಳಂಬ ಅತಿಯಾಯಿತು ಅಂತಲೇ ಲೆಕ್ಕ. ಡಿಫೆನ್ಸ್ ಮಾಡಿದ ತಡ ಅದರಲ್ಲಿ ಸೇರುವುದಿಲ್ಲ. ಸರಿಯಾದ ಕಾರಣ ತೋರಿಸದಿದ್ದರೆ ಕೇಸಿಗೇ ಸ್ಟೇ, ಅಂದರೆ ಕೇಸು ಅಲ್ಲಿಗೇ ಮುಗಿದ ಹಾಗೆ. ಇದನ್ನು ಬಾರ್ ರೂಮಿನಲ್ಲಿ ಹೇಳಿದಾಗ ನಮ್ಮ ಸೀನಿಯರ್, "ಅಷ್ಟರಲ್ಲಿ ನಮ್ಮಲ್ಲಿ ಸಮನ್ಸ್ ಜಾರಿಯಾದರೆ ಪುಣ್ಯ ಕಣಮ್ಮ" ಅಂದರು.

ಪರೀಕ್ಷೆ ಆನ್‌ಲೈನ್. ಅವರ ಹಗಲು ನಮಗೆ ರಾತ್ರಿ. ಕಕ್ಕಡ ತಿಂಗಳ ಮಳೆ ಬೇರೆ. ಇನ್ವರ್ಟರ್, ಹಾಟ್‌ಸ್ಪಾಟ್‌ಗೆ ಇನ್ನೊಂದು ಫೋನ್, ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಕ್ಯಾಮೆರಾ ನೋಡುತ್ತಿರುತ್ತದೆ, ಎದ್ದು ಓಡಾಡುವ ಹಾಗಿಲ್ಲ.

ಪ್ರಶ್ನೆಯನ್ನು ಇಲ್ಲಿ ಹೇಳುವಂತಿಲ್ಲ. ಬಗೆ ಎಲ್ಲರಿಗೂ ಗೊತ್ತಿರುವುದೇ: ಪೊಲೀಸರು ಒಬ್ಬನನ್ನು ತಡೆದರು, ವಾರಂಟ್ ಇಲ್ಲದೆ ಹುಡುಕಿದರು, ಮಾಲು ಸಿಕ್ಕಿತು, ಅವನು ಏನೋ ಒಪ್ಪಿಕೊಂಡ. ಕೈ ತಾನಾಗಿ ಬರೆಯತೊಡಗಿತು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ನಡೆಯುವುದಿಲ್ಲ, ಮಾಲು ನಡೆಯುತ್ತದೆ. ಚಾರ್ಜ್‌ಶೀಟಿನ ಸ್ವಇಚ್ಛಾ ಹೇಳಿಕೆಯನ್ನು ನಾನು ಯಾವತ್ತೂ ಎರಡನೇ ಸಲ ಓದಿದವಳಲ್ಲ. ಹಳೆಯ ಎವಿಡೆನ್ಸ್ ಆಕ್ಟಿನ ಸೆಕ್ಷನ್ 25, ಈಗ ಸಾಕ್ಷ್ಯ ಅಧಿನಿಯಮದ 23, ಅಷ್ಟೇ. ಸರ್ಚ್ ತಪ್ಪಾಗಿದ್ದರೂ ಮಾಲು ಸಾಕ್ಷ್ಯವೇ ಅಂತ ನಮ್ಮ ಸುಪ್ರೀಂ ಕೋರ್ಟಿನ ಪೂರನ್ ಮಲ್ ತೀರ್ಪು ಇದೆ. ಎನ್‌ಡಿಪಿಎಸ್ ಸೆಕ್ಷನ್ 50ರ, ಅಂದರೆ ಮಾದಕವಸ್ತು ಕೇಸಿನ ಮೈ ತಪಾಸಣೆಯ, ಗಲಾಟೆ ಬಿಟ್ಟರೆ ಸರ್ಕಾರಿ ವಕೀಲರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಮುಂದಿನ ಪ್ರಶ್ನೆಗೆ ಜೋರ್ಡನ್ ಬೇಕಾಗಿತ್ತು. ಪ್ರಿಂಟ್‌ಔಟ್ ತಿರುವುವಾಗ ಕೆನಡಾದ ಗ್ರ್ಯಾಂಟ್ ತೀರ್ಪಿನ ಹಾಳೆ ಕೈಗೆ ಬಂತು. ನಾನೇ ಹಳದಿ ಗೆರೆ ಎಳೆದಿದ್ದೆ. ಎಳೆದಿದ್ದೆ, ಓದಿರಲಿಲ್ಲ ಅಂತ ಕಾಣುತ್ತದೆ. ಅಲ್ಲಿ ಚಾರ್ಟರ್ (ಅವರ ಸಂವಿಧಾನದ ಹಕ್ಕುಗಳ ಸನ್ನದು) ಮುರಿದು ತಂದ ಮಾಲು ಅದರ ಸೆಕ್ಷನ್ 24(2)ರಲ್ಲಿ ಹೊರಗೆ ಹೋಗಬಹುದು. ಪೊಲೀಸರ ತಪ್ಪು ಎಷ್ಟು ಗಂಭೀರ, ಆರೋಪಿಯ ಹಕ್ಕಿಗೆ ಎಷ್ಟು ಪೆಟ್ಟು, ಕೇಸು ವಿಚಾರಣೆಯಾಗಿ ತೀರ್ಮಾನವಾಗುವುದು ಸಮಾಜಕ್ಕೆ ಎಷ್ಟು ಮುಖ್ಯ, ಈ ಮೂರನ್ನೂ ತೂಗಬೇಕು. ಪೊಲೀಸರ ಮುಂದಿನ ಹೇಳಿಕೆ ಮಾತ್ರ ಒಳಗೆ ಬರಬಹುದು. ಸ್ವಂತ ಮನಸ್ಸಿನಿಂದ ಹೇಳಿದ್ದು ಅಂತ ಕ್ರೌನ್, ಅಂದರೆ ಅಲ್ಲಿನ ಸರ್ಕಾರಿ ಪಕ್ಷ, ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ವಕೀಲರನ್ನು ಕರೆಯುವ ಹಕ್ಕಿದೆ ಅಂತ ತಿಳಿಸಿದ್ದರೋ ಇಲ್ಲವೋ, ಅದು ಚಾರ್ಟರಿನ 10(ಬಿ). ಅಂದರೆ ನಾನು ಹೊರಗೆ ಹಾಕಿದ್ದನ್ನು ಅವರು ತೂಗಿ ಒಳಗೆ ಬಿಡುತ್ತಾರೆ, ನಾನು ಕಣ್ಣುಮುಚ್ಚಿ ಒಳಗೆ ಬಿಟ್ಟದ್ದನ್ನು ತೂಗಿ ಹೊರಗೆ ಹಾಕುತ್ತಾರೆ.

ಆಗಲೇ ಕರೆಂಟ್ ಹೋಯಿತು. ಇನ್ವರ್ಟರ್ ಹಿಡಿಯಿತು, ರೂಟರ್ ಮತ್ತೆ ಶುರುವಾಗುವ ತನಕ ಸ್ಕ್ರೀನಿನಲ್ಲಿ ಚಕ್ರ ಸುತ್ತುತ್ತಾ ನಿಂತಿತು. ಆ ಹೊತ್ತಿನಲ್ಲಿ ನಾನು ಕನೆಕ್ಷನ್ ಬಗ್ಗೆ ಯೋಚಿಸಲೇ ಇಲ್ಲ. ಬರೆದದ್ದನ್ನೆಲ್ಲ ಅಳಿಸಬೇಕಾ, ಅದರ ಕೆಳಗೇ ತಿದ್ದಿ ಬರೆಯಬೇಕಾ ಅಂತಲೇ ಲೆಕ್ಕ ಹಾಕುತ್ತಿದ್ದೆ. ಅಳಿಸಿದೆ. ಅದು ಸರಿಯೇ ಅಂತ ಈಗಲೂ ಅನಿಸುತ್ತದೆ. ಆದರೆ ಜೋರ್ಡನ್‌ಗೆ ಸಮಯ ಉಳಿಯಲಿಲ್ಲ. ಇಡೀ ಸಿಲಬಸ್ಸಿನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಉತ್ತರ ಅದೊಂದೇ!

ಫೇಲ್ ಅಂತ ಮೇಲ್ ಬಂದಾಗ ಕೋರ್ಟ್ ಹಾಲಿನಲ್ಲೇ ಇದ್ದೆ, ಒಂದು ಬೇಲ್ ಆರ್ಡರಿಗೆ ಕಾಯುತ್ತಾ. ಬೇಲ್ ಸಿಕ್ಕಿತು ಬಿಡಿ.

ಎರಡನೇ ಸಲ ಓದುವಾಗ ಹೊಸ ನೋಟ್ಸ್ ಮಾಡಲಿಲ್ಲ. ಒಂದು ಹಾಳೆಯ ಎಡಕ್ಕೆ ವಿರಾಜಪೇಟೆಯಲ್ಲಿ ನಾನು ಏನು ವಾದ ಮಾಡುತ್ತಿದ್ದೆ ಅಂತ, ಬಲಕ್ಕೆ ಅವರು ಏನು ಹೇಳುತ್ತಾರೆ ಅಂತ ಬರೆದೆ. ಪೊಲೀಸರ ವಿಚಾರಣೆ ವೇಳೆ ವಕೀಲರು ಪಕ್ಕದಲ್ಲಿರಬೇಕು ಅಂತ ಕೇಳುವ ಹಕ್ಕು ಅಲ್ಲಿ ಇಲ್ಲ ಅನ್ನುವುದು ಹಾಗೆ ಬರೆಯುವಾಗಲೇ ಕಣ್ಣಿಗೆ ಬಿದ್ದದ್ದು. ಕೆನಡಾ ಅಂದರೆ ಎಲ್ಲ ಹಕ್ಕೂ ನಮಗಿಂತ ಜಾಸ್ತಿ ಅಂತ ನಾನೇ ಊಹಿಸಿಕೊಂಡಿದ್ದೆ. ಆ ಹಾಳೆಯಿಂದಲೇ ಪಾಸಾದೆ. ಆಡಳಿತ ಕಾನೂನಿನಲ್ಲಿ ಮಾತ್ರ ಮೊದಲ ಸಲವೇ ಪಾಸು. ನಾನು ಇಲ್ಲಿ ಒಂದು ರಿಟ್ಟನ್ನೂ ಹಾಕಿದವಳಲ್ಲ, ಎಡಗಡೆ ಖಾಲಿ ಇತ್ತು.

ಈಗ ಫೌಂಡೇಶನ್ಸ್ ಬಾಕಿ. ಅದಾದ ಮೇಲೆ ಒಂಟಾರಿಯೊದ ಬ್ಯಾರಿಸ್ಟರ್ ಪರೀಕ್ಷೆ, ಸಾಲಿಸಿಟರ್ ಪರೀಕ್ಷೆ, ಆರ್ಟಿಕ್ಲಿಂಗ್. ಆರ್ಟಿಕ್ಲಿಂಗ್ ಅಂದರೆ ಪುನಃ ಒಬ್ಬರ ಕೆಳಗೆ ಜೂನಿಯರ್. ನಮ್ಮ ಗುಮಾಸ್ತಣ್ಣನಿಗೆ ಇದನ್ನು ಹೇಳಿದೆ. ಅವರಿಗೆ ತಿಳಿಯಬೇಕಾಗಿದ್ದು ಒಂದೇ: ನಾನು ಹೋಗುವ ಮೊದಲು ಕಾಫಿ ಕಳವಿನ ಫೈಲುಗಳಿಗೆಲ್ಲ ಯಾರ ವಕಾಲತ್ತು ಹಾಕಿಸಬೇಕು ಅಂತ.