ಹಳೇ ಮಿನಿ ಐಫೋನ್ ಈಗ ಕೊಳ್ಳಬಹುದಾ? ಬೆಲೆಗೆ ಬ್ಯಾಟರಿಯನ್ನೂ ಸೇರಿಸಿ ನೋಡಿ

ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಲ್ಲೇ ಪರದೆಯ ಆ ಮೂಲೆಯಿಂದ ಈ ಮೂಲೆ ಮುಟ್ಟುವಂಥ ಫೋನು ಬೇಕು ಅನ್ನುವವರಿಗೆ ಆಪಲ್ ಅಂಗಡಿಯಲ್ಲಿ ಹೊಸದೇನೂ ಇಲ್ಲ. ಅದು ಈಗ ಮಾರುವ ಅತಿ ಚಿಕ್ಕ ಫೋನಿನ ಪರದೆಯೇ 6.1 ಇಂಚು. ಹಾಗಾಗಿ ಹುಡುಕಾಟ ಸುತ್ತಿ ಬಳಸಿ 2021ರ ಐಫೋನ್ 13 ಮಿನಿಗೇ ಬಂದು ನಿಲ್ಲುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಆಪಲ್ ಅದರ ಮಾರಾಟ ನಿಲ್ಲಿಸಿತು. ಈಗ ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್, ಇಲ್ಲವೇ ರೀಫರ್ಬಿಶ್ಡ್, ಅಂದರೆ ದುರಸ್ತಿ ಮಾಡಿ ಮತ್ತೆ ಮಾರುವುದು.

ಅಳತೆ ನೋಡಿ: ಉದ್ದ 131.5 ಮಿ.ಮೀ., ಅಗಲ 64.2, ದಪ್ಪ 7.65, ತೂಕ ಸುಮಾರು 140 ಗ್ರಾಂ. ಪಕ್ಕದಲ್ಲಿ ಐಫೋನ್ 16ಇ ಇಟ್ಟರೆ ಅದು 71.5 ಮಿ.ಮೀ. ಅಗಲ, 167 ಗ್ರಾಂ. ಏಳು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಬಸ್ಸಿನಲ್ಲಿ ಒಂದು ಕೈ ಕಂಬಿಗೆ ಕೊಟ್ಟು ಇನ್ನೊಂದರಲ್ಲಿ ಮೆಸೇಜ್ ಬರೆಯುವಾಗ ಆ ಏಳು ಮಿಲಿಮೀಟರಿನ ಬೆಲೆ ತಿಳಿಯುತ್ತದೆ.

ಚಿಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದರಲ್ಲಿರುವ ಎ15 ಬಯೋನಿಕ್ 2022ರ ಐಫೋನ್ 14ರಲ್ಲೂ ಇತ್ತು, ಅಲ್ಲಿ ಗ್ರಾಫಿಕ್ಸ್ ಕೋರ್ ಒಂದು ಹೆಚ್ಚು, ಅಷ್ಟೇ. 2025ರಲ್ಲಿ ಬಂದ ಐಒಎಸ್ 26 ಇದಕ್ಕೆ ಸಿಕ್ಕಿದೆ. ಹೊಸ ಐಒಎಸ್ ನಿಂತ ಮೇಲೂ ಭದ್ರತಾ ಅಪ್‌ಡೇಟ್ ಕೊಡುವ ರೂಢಿ ಆಪಲ್‌ಗಿದೆ. 2015ರ ಐಫೋನ್ 6ಎಸ್‌ಗೆ 2025ರಲ್ಲೂ ಒಂದು ಬಂತು. ಎಡವುವುದು ರ‍್ಯಾಮ್‌ನಲ್ಲಿ. 4 ಜಿಬಿ ಮಾತ್ರ ಇರುವುದರಿಂದ, ಬ್ಯಾಂಕಿನ ಪುಟ ತೆರೆದಿಟ್ಟು ಓಟಿಪಿ ನೋಡಿ ವಾಪಸ್ ಬರುವಷ್ಟರಲ್ಲಿ ಪುಟ ಮತ್ತೆ ಮೊದಲಿಂದ ಲೋಡ್ ಆಗುವುದುಂಟು. ಆಪಲ್‌ನ ಎಐ ಸೌಲಭ್ಯ ಆಪಲ್ ಇಂಟೆಲಿಜೆನ್ಸ್ ಇದರಲ್ಲಿ ಓಡುವುದಿಲ್ಲ. ಅದು ಕೊರತೆ ಅಂತ ನನಗನ್ನಿಸುವುದಿಲ್ಲ. ಪರದೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. 120ಕ್ಕೆ ಒಗ್ಗಿದ ಕಣ್ಣಿಗೆ ಮೊದಲ ಎರಡು ದಿನ ತಡವರಿಸಿದಂತೆ ಕಾಣುತ್ತದೆ.

ನಿಜವಾದ ವಿಷಯ ಬ್ಯಾಟರಿ. ಹೊಸದಿದ್ದಾಗಲೇ 13 ಮಿನಿಯ ಬ್ಯಾಟರಿ 2,438 ಎಂಎಎಚ್. ಮಾರುವವರು ಹೇಳುವ ‘ಬ್ಯಾಟರಿ ಹೆಲ್ತ್ 82’ ಅಂದರೆ ಕೈಯಲ್ಲಿರುವುದು ಹೆಚ್ಚುಕಡಿಮೆ 2,000 ಎಂಎಎಚ್. ಅಷ್ಟರಲ್ಲಿ 5ಜಿ, ಮ್ಯಾಪ್, ವಾಟ್ಸ್ಆ್ಯಪ್ ಕರೆ ಎಲ್ಲ ನಡೆದರೆ ಬೆಳಗ್ಗೆ ಎಂಟಕ್ಕೆ ಚಾರ್ಜರ್‌ನಿಂದ ತೆಗೆದ ಫೋನು ಮಧ್ಯಾಹ್ನ ಮೂರರ ಹೊತ್ತಿಗೆ ಕೆಂಪು ತೋರಿಸಿದರೆ ಅಚ್ಚರಿಯಿಲ್ಲ. ಪ್ರಮಾಣ ಕಡಿಮೆಯಾಗುವುದು ಒಂದು ತೊಂದರೆಯಾದರೆ, ಹಳೆಯ ಲಿಥಿಯಂ ಸೆಲ್ಲಿನ ಒಳ ರೋಧ (ಕರೆಂಟಿಗೆ ಒಳಗೇ ಎದುರಾಗುವ ತಡೆ) ಏರುವುದು ಇನ್ನೊಂದು. ಕ್ಯಾಮೆರಾ, ಫ್ಲ್ಯಾಶ್, ಡೇಟಾ ಮೂರೂ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು, 20 ಪರ್ಸೆಂಟ್ ಇದ್ದ ಹಾಗೇ ಫೋನ್ ಆಫ್ ಆಗುತ್ತದೆ; ಇಲ್ಲವೇ ಹಾಗಾಗದಿರಲೆಂದು ಐಒಎಸ್ ತಾನೇ ವೇಗ ತಗ್ಗಿಸುತ್ತದೆ. ‘ಫೋನು ಹಳೇದಾಯ್ತು, ಸ್ಲೋ ಆಗಿದೆ’ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಈ ಸರಣಿಯ ಬ್ಯಾಟರಿಗಳು 500 ಪೂರ್ಣ ಚಾರ್ಜ್ ಸೈಕಲ್ (ಒಟ್ಟು ನೂರು ಪರ್ಸೆಂಟಿನಷ್ಟು ಖರ್ಚಾದರೆ ಒಂದು ಸೈಕಲ್) ಮುಗಿದಾಗ ಮೂಲ ಸಾಮರ್ಥ್ಯದ 80 ಪರ್ಸೆಂಟ್ ಉಳಿಸಿಕೊಳ್ಳುವಂತೆ ಮಾಡಿದವು ಎಂದು ಆಪಲ್ ಹೇಳುತ್ತದೆ. ದಿನಕ್ಕೊಂದು ಸೈಕಲ್ ಅಂದರೂ ಒಂದೂವರೆ ವರ್ಷಕ್ಕೆ ಆ ಲೆಕ್ಕ ಮುಗಿಯುತ್ತದೆ. ಚಿಕ್ಕ ಬ್ಯಾಟರಿಗೆ ದಿನಕ್ಕೆ ಒಂದಕ್ಕಿಂತ ಹೆಚ್ಚೇ ಬೀಳುವುದರಿಂದ ಇನ್ನೂ ಬೇಗ. ಹಾಗಾಗಿ ಯಾವ ಮಿನಿ ಕೊಂಡರೂ ಹೊಸ ಬ್ಯಾಟರಿಯ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಳ್ಳಿ. ಆಪಲ್‌ನ ಸಪೋರ್ಟ್ ಪುಟದಲ್ಲಿ ಮಾದರಿ ಆರಿಸಿದರೆ ಬ್ಯಾಟರಿ ಬದಲಿಸುವ ಅಂದಾಜು ದರ ಸಿಗುತ್ತದೆ. ಅದನ್ನೂ ಸೇರಿಸಿದ ಮೊತ್ತ ಎರಡು ವರ್ಷ ಹೊಸದಾದ ಒಂದು ಐಫೋನಿನ ಹತ್ತಿರ ಬಂದರೆ ಮಿನಿಯ ಆಸೆ ಬಿಡಿ. ಹಾಗೆಯೇ 79 ಹೆಲ್ತ್‌ನ ಅಗ್ಗದ ಫೋನು 88ರ ದುಬಾರಿ ಫೋನಿಗಿಂತ ಒಳ್ಳೆಯ ವ್ಯವಹಾರ: ಬ್ಯಾಟರಿ ಎರಡಕ್ಕೂ ಹಾಕಿಸಲೇಬೇಕು, ಬೇಗ ಅಥವಾ ತಡವಾಗಿ.

ಹೆಲ್ತ್ 100 ಅಂತ ತೋರಿಸುವ ನಾಲ್ಕು ವರ್ಷದ ಫೋನನ್ನು ಮಾತ್ರ ಸುಮ್ಮನೆ ನಂಬಬೇಡಿ. ಕಾಪಿ ಸೆಲ್ಲಿಗೆ ಹಳೆಯ ಬ್ಯಾಟರಿಯ ಸರ್ಕ್ಯೂಟ್ ಬೆಸೆದು, ಪ್ರೋಗ್ರಾಮರ್ ಯಂತ್ರದಲ್ಲಿ ಆ ಸಂಖ್ಯೆಯನ್ನು ಬರೆಯಬಹುದು. ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ‘ಪಾರ್ಟ್ಸ್ ಆ್ಯಂಡ್ ಸರ್ವಿಸ್ ಹಿಸ್ಟರಿ’ ಇದೆಯೇ ನೋಡಿ. ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾ ಬದಲಾಗಿದ್ದರೆ ಅಲ್ಲಿ ಹೆಸರು ಬರುತ್ತದೆ. ‘ಜೆನ್ಯೂಯಿನ್’ ಇದ್ದರೆ ಸರಿ, ‘ಅನ್‌ನೋನ್ ಪಾರ್ಟ್’ ಇದ್ದರೆ ಬೆಲೆ ಇಳಿಸಿ. ಈ ಮಾದರಿ ಸೈಕಲ್ ಸಂಖ್ಯೆಯನ್ನು ಸೆಟ್ಟಿಂಗ್ಸ್‌ನಲ್ಲಿ ತೋರಿಸುವುದಿಲ್ಲ, ಅದು ಐಫೋನ್ 15ರಿಂದ ಬಂದದ್ದು. ವಿಂಡೋಸ್‌ನಲ್ಲಿ 3ಯುಟೂಲ್ಸ್, ಮ್ಯಾಕ್‌ನಲ್ಲಿ ಕೋಕೊನಟ್‌ಬ್ಯಾಟರಿ ತೆರೆದು ಕೇಬಲ್ ಚುಚ್ಚಿದರೆ ಕಾಣುತ್ತದೆ. ಹೆಲ್ತ್ 100, ಸೈಕಲ್ 900 ಅಂತ ಬಂದರೆ ಬೇರೆ ಸಾಕ್ಷಿ ಬೇಕೇ?

ಬ್ಯಾಟರಿ ಹಾಕಿಸುವಾಗ ಇನ್ನೊಂದು ಮಾತು. ಕೆಳಗಿನ ಎರಡು ಪೆಂಟಲೋಬ್ ಸ್ಕ್ರೂ ಬಿಚ್ಚಿ, ಬಿಸಿ ಮಾಡಿ ಡಿಸ್‌ಪ್ಲೇ ಎತ್ತಿದ ಕ್ಷಣಕ್ಕೇ ಅಂಚಿನ ಅಂಟು ಹರಿಯುತ್ತದೆ. ಐಪಿ68 ನೀರು ತಡೆಯುವ ಗುಣ ಇದ್ದದ್ದು ಆ ಅಂಟಿನಿಂದ. ಹೊಸ ಅಂಟಿನ ಗ್ಯಾಸ್ಕೆಟ್ ಹಾಕಿಯೇ ಮುಚ್ಚಿ ಅಂತ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಹಾಗೇ ಒತ್ತಿ ಕೊಡುವವರೇ ಹೆಚ್ಚು. ಸೆಕೆಂಡ್ ಹ್ಯಾಂಡ್ ಫೋನನ್ನು ನೀರು ತಡೆಯದ ಫೋನು ಅಂತಲೇ ಬಳಸುವುದು ಕ್ಷೇಮ.

ಡಿಸ್‌ಪ್ಲೇ ಪರೀಕ್ಷೆ ಸುಲಭ. ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು, ಬೆಳಕು ಪೂರ್ತಿ ಏರಿಸಿ, ಅಂಗೈ ಮುಚ್ಚಿ ಕತ್ತಲು ಮಾಡಿ ನೋಡಿ. ಅಸಲಿ ಓಎಲ್ಇಡಿಯಲ್ಲಿ ಕಪ್ಪು ಅಂದರೆ ಬೆಳಕೇ ಇಲ್ಲ. ಬೂದು ಬಣ್ಣ ಸೋರಿದರೆ ಯಾರೋ ಅಗ್ಗದ ಎಲ್‌ಸಿಡಿ ಕೂರಿಸಿದ್ದಾರೆ. ಆಮೇಲೆ ಪೂರ್ತಿ ಬಿಳಿ ಚಿತ್ರ ತೆರೆದರೆ ಹಸಿರು ಗೆರೆ, ಕೀಬೋರ್ಡಿನ ಅಚ್ಚು ಉಳಿದಿದ್ದರೆ ಗೊತ್ತಾಗುತ್ತದೆ. ಬ್ರೈಟ್‌ನೆಸ್ ಪಟ್ಟಿ ಒತ್ತಿ ಹಿಡಿದಾಗ, ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಹೊಂದಿಸುವ ಟ್ರೂ ಟೋನ್ ಬರದಿದ್ದರೂ ಅನುಮಾನ ಪಡಿ. ಫೇಸ್ ಐಡಿಯನ್ನು ಅಳಿಸಿ ನಿಮ್ಮ ಮುಖದಿಂದಲೇ ಮತ್ತೆ ಸೇರಿಸಿ ನೋಡಿ. ಅದರ ಸೆನ್ಸರ್ ಬೋರ್ಡಿನ ಜೊತೆ ಜೋಡಿಯಾಗಿರುವುದರಿಂದ, ಕೆಟ್ಟರೆ ಬೇರೆ ಫೋನಿನದು ತಂದು ಹಾಕಿದ ಮಾತ್ರಕ್ಕೆ ಸರಿಹೋಗದು.

ಇನ್ನು ದುಡ್ಡು ಕೊಡುವ ಮುಂಚಿನ ಕೆಲಸ. ಮಾರುವವರು ತಮ್ಮ ಆಪಲ್ ಅಕೌಂಟಿನಿಂದ ಸೈನ್ ಔಟ್ ಆಗಿ, ನಿಮ್ಮ ಎದುರೇ ಫೋನನ್ನು ಇರೇಸ್ ಮಾಡಲಿ. ಬರೀ ಇರೇಸ್ ಸಾಲದು, ಆ್ಯಕ್ಟಿವೇಶನ್ ಲಾಕ್ (ಫೋನನ್ನು ಹಳೆಯ ಮಾಲೀಕರ ಅಕೌಂಟಿಗೆ ಕಟ್ಟಿಹಾಕುವ ಬೀಗ) ಫೋನನ್ನು ಅಳಿಸಿದ ಮೇಲೂ ಉಳಿಯುತ್ತದೆ. ನಿಮ್ಮ ಸಿಮ್ ಹಾಕಿ, ಹೋಮ್ ಸ್ಕ್ರೀನ್ ಬರುವವರೆಗೂ ಸೆಟಪ್ ಮುಗಿಸಿ. ಸೆಟ್ಟಿಂಗ್ಸ್‌ನ ಮೇಲ್ತುದಿಯಲ್ಲಿ ಈ ಫೋನು ಯಾವುದೋ ಸಂಸ್ಥೆಯ ನಿರ್ವಹಣೆಯಲ್ಲಿದೆ ಅಂತ ಬರೆದಿದ್ದರೆ ಅದು ಕಂಪನಿಯಿಂದ ಕೈಬದಲಾದ ಫೋನು, ಬೇಡ. ಅಬೌಟ್ ಪುಟದಲ್ಲಿ ಕ್ಯಾರಿಯರ್ ಲಾಕ್ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಇರಬೇಕು. *#06# ಒತ್ತಿದಾಗ ಬರುವ ಐಎಂಇಐ, ಅಂದರೆ ಫೋನಿನ 15 ಅಂಕಿಯ ಗುರುತು ಸಂಖ್ಯೆ, ಬಿಲ್ಲಿನಲ್ಲೂ ಬಾಕ್ಸಿನಲ್ಲೂ ಅದೇ ಇದೆಯೇ ನೋಡಿ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ 15 ಅಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಕಳವಿನ ಪಟ್ಟಿಯಲ್ಲಿ ಅದು ಬ್ಲಾಕ್ ಆಗಿದೆಯೇ ಅಂತ ಉತ್ತರ ಬರುತ್ತದೆ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿರಲಿ, ಪರಿಚಯದವರ ಮನೆಯಿರಲಿ, ಈ ಹತ್ತು ನಿಮಿಷ ಬಿಡಬೇಡಿ.

ಅಬೌಟ್ ಪುಟದ ಮಾದರಿ ಸಂಖ್ಯೆಯೂ ಮಾತಾಡುತ್ತದೆ. ಮೊದಲ ಅಕ್ಷರ ಎಂ ಇದ್ದರೆ ಹೊಸದಾಗಿ ಮಾರಿದ್ದು, ಎಫ್ ಇದ್ದರೆ ಆಪಲ್ಲೇ ರೀಫರ್ಬಿಶ್ ಮಾಡಿದ್ದು, ಎನ್ ಇದ್ದರೆ ಸರ್ವಿಸ್‌ನಲ್ಲಿ ಬದಲಿಯಾಗಿ ಕೊಟ್ಟಿದ್ದು. ಕೊನೆಯಲ್ಲಿ ಎಚ್‌ಎನ್ ಇದ್ದರೆ ಭಾರತದ್ದು. ಅಮೆರಿಕದಿಂದ ನೆಂಟರು ತಂದದ್ದಾದರೂ ಅಡ್ಡಿಯಿಲ್ಲ, 13ರ ಸರಣಿಗೆ ಅಲ್ಲೂ ಸಿಮ್ ಟ್ರೇ ಇತ್ತು. ಚೀನಾದ ಮಾದರಿಯಲ್ಲಿ ಇ-ಸಿಮ್ ಇಲ್ಲ, ಎರಡು ನಂಬರ್ ಬೇಕಾದವರಿಗೆ ಅದು ಆಗಿಬರದು. ಮಿನಿಯಲ್ಲಿ ಎರಡನೇ ನಂಬರ್ ಇ-ಸಿಮ್ಮೇ ಆಗಬೇಕು. ಇರುವ ನಂಬರಿಗೆ ಹೊಸ ಸಿಮ್ ಅಥವಾ ಇ-ಸಿಮ್ ಪಡೆದ ಮೇಲೆ 24 ಗಂಟೆ ಎಸ್‌ಎಂಎಸ್ ನಿಲ್ಲುವುದರಿಂದ ಯುಪಿಐ ನೋಂದಣಿಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಕೊಂಡ ಮೇಲೆ ಬ್ಯಾಟರಿ ಉಳಿಸಲು ಹೆಚ್ಚು ಫಲ ಕೊಡುವುದು ಒಂದೇ: ಸಿಗ್ನಲ್ ಅರೆಬರೆ ಇರುವ ಊರಿನಲ್ಲಿ ವಾಯ್ಸ್ ಆ್ಯಂಡ್ ಡೇಟಾದಲ್ಲಿ 5ಜಿ ಬಿಟ್ಟು ಎಲ್‌ಟಿಇ (4ಜಿ) ಆರಿಸುವುದು. 20 ವ್ಯಾಟಿನ ಚಾರ್ಜರ್‌ನಲ್ಲಿ ಅರ್ಧ ಗಂಟೆಗೆ ಅರ್ಧ ತುಂಬುತ್ತದೆ. ಅಯಸ್ಕಾಂತದಿಂದ ಬೆನ್ನಿಗೆ ಅಂಟುವ ವೈರ್‌ಲೆಸ್ ಚಾರ್ಜರ್ ಮ್ಯಾಗ್‌ಸೇಫ್‌ನಲ್ಲಿ ಮಿನಿಗೆ 12 ವ್ಯಾಟೇ ಗರಿಷ್ಠ, ಮೇಲೆ ಬಿಸಿಯೂ ಹೆಚ್ಚು. ಕಾರಿನ ಗಾಜಿನ ಕೆಳಗೆ ಮ್ಯಾಪ್ ಹಾಕಿಕೊಂಡು ಚಾರ್ಜಿಗಿಟ್ಟರೆ, ಈ ಪುಟ್ಟ ಮೈಗೆ ಶಾಖ ಬಿಡಲು ಜಾಗವಿಲ್ಲದೆ ಚಾರ್ಜಿಂಗ್ ತಾನೇ ನಿಲ್ಲುತ್ತದೆ. ಕೇಬಲ್ ಸಡಿಲವಾಗಿದ್ದರೆ ಪೋರ್ಟ್ ಕೆಟ್ಟಿದೆ ಅಂದುಕೊಳ್ಳುವ ಮುಂಚೆ, ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಜೇಬಿನ ನೂಲು ತೆಗೆಯಿರಿ.

ಉಳಿದ ಚಿಕ್ಕ ಫೋನುಗಳ ಬಗ್ಗೆ ಎರಡೇ ಮಾತು. 12 ಮಿನಿ ಅಗ್ಗ, ಆದರೆ ಬ್ಯಾಟರಿ 2,227 ಎಂಎಎಚ್, ಆರಂಭ 64 ಜಿಬಿಯಿಂದ, ಬೇಡ. 2022ರ ಐಫೋನ್ ಎಸ್ಇಯಲ್ಲಿ ಚಿಪ್ಪು ಅದೇ ಎ15, ಪರದೆ 4.7 ಇಂಚಿನ ಎಲ್‌ಸಿಡಿ, ಬೆರಳಚ್ಚಿನ ಬಟನ್ ಇಷ್ಟಪಡುವ ಹಿರಿಯರಿಗೆ ಸರಿ. ಪಿಕ್ಸೆಲ್ 4ಎ ಹಗುರ ಫೋನು, ಆದರೆ 5ಜಿ ಇಲ್ಲ. 2025ರ ಜನವರಿಯಲ್ಲಿ ಗೂಗಲ್ ಕಳಿಸಿದ ಅಪ್‌ಡೇಟ್ ಕೆಲವು ಫೋನುಗಳ ಬ್ಯಾಟರಿ ಸಾಮರ್ಥ್ಯವನ್ನೇ ತಗ್ಗಿಸಿತು. ಆಂಡ್ರಾಯ್ಡೇ ಬೇಕಾದರೆ ಗ್ಯಾಲಕ್ಸಿ ಎಸ್23: 70.9 ಮಿ.ಮೀ. ಅಗಲ, 168 ಗ್ರಾಂ, 3,900 ಎಂಎಎಚ್, ಭದ್ರತಾ ಅಪ್‌ಡೇಟ್ 2028ರವರೆಗೆ. ಮಿನಿಯಷ್ಟು ಚಿಕ್ಕದಲ್ಲ, ಆದರೆ ಸಂಜೆಯವರೆಗೆ ಬಾಳುತ್ತದೆ.

ಕನ್ನಡದಲ್ಲಿ ಹೆಚ್ಚು ಬರೆಯುವವರು ಮಾತ್ರ ಅಂಗಡಿಯಲ್ಲೇ ಒಂದು ಪ್ಯಾರಾ ಟೈಪ್ ಮಾಡಿ ನೋಡಬೇಕು. ಮಿನಿಯ ಪರದೆಯ ಅಗಲ 57.6 ಮಿ.ಮೀ. ಸಾಲಿಗೆ ಹತ್ತು ಕೀ ಇರುವ ಇಂಗ್ಲಿಷ್ ಕೀಬೋರ್ಡಿನಲ್ಲಿ ಒಂದು ಕೀಗೆ 5.8 ಮಿ.ಮೀ. ಸಿಗುತ್ತದೆ, ಹನ್ನೊಂದು ಕೀ ಇರುವ ವಿನ್ಯಾಸದಲ್ಲಿ 5.2. ದಪ್ಪ ಬೆರಳಿಗೆ ‘ಣ’ ಒತ್ತಲು ಹೋಗಿ ಪಕ್ಕದ್ದು ಬೀಳುವುದು ಇಲ್ಲೇ.