ಒಂದೇ ಸಾಲಿನಲ್ಲಿ ನಾಲ್ಕು ಡಾಟ್

ಆನ್‌ಲೈನ್ ಆರ್ಡರನ್ನು ಅಂಗಡಿಗೇ ಬಂದು ತಗೊಳ್ಳುವ ಸ್ಟೋರ್ ಪಿಕಪ್ ಫೀಚರ್ ಪ್ರೊಡ್‌ಗೆ, ಅಂದರೆ ಗ್ರಾಹಕರು ಬಳಸುವ ಸಿಸ್ಟಮ್‌ಗೆ, ಹೋದ ಸಂಜೆಯೇ ಬಿಲ್ಲಿಂಗ್ ನಿಂತುಹೋಯಿತು. ಜಯನಗರದ ಅಂಗಡಿಯಲ್ಲಿ ಜನ ಸಾಮಾನು ಹಿಡಿದು ಕ್ಯೂನಲ್ಲಿದ್ದಾರೆ, ಬಿಲ್ ಬರುತ್ತಿಲ್ಲ. ಆನ್-ಕಾಲ್, ಅಂದರೆ ತೊಂದರೆಯಾದರೆ ನೋಡಬೇಕಾದ ಪ್ರೋಗ್ರಾಮರ್, ನಾನೇ. ಲಾಗ್ ತೆಗೆದರೆ ನಲ್ ಪಾಯಿಂಟರ್ ಎಕ್ಸೆಪ್ಶನ್ (ನಲ್, ಅಂದರೆ ಏನೂ ಇಲ್ಲದ ಕಡೆ ಕೈ ಹಾಕಿದಾಗ ಬರುವ ಎರರ್), ಪಕ್ಕದಲ್ಲೊಂದು ಲೈನ್ ನಂಬರ್, ಅಷ್ಟೇ. ಆ ಲೈನ್ ತೆರಿಗೆ ಲೆಕ್ಕ ಹಾಕುವ ಕೋಡ್, ಅಂದರೆ ಟ್ಯಾಕ್ಸ್ ಕ್ಲಾಸಿನಲ್ಲಿತ್ತು: ಆರ್ಡರ್ ಡಾಟ್ ಗೆಟ್‌ಕಸ್ಟಮರ್ ಡಾಟ್ ಗೆಟ್‌ಅಡ್ರೆಸ್ ಡಾಟ್ ಗೆಟ್‌ಸ್ಟೇಟ್ ಡಾಟ್ ಗೆಟ್‌ಕೋಡ್.

ನಾಲ್ಕರಲ್ಲಿ ನಲ್ ಆಗಿದ್ದು ಯಾವುದು? ನಮ್ಮ ಜಾವಾ 8 ಅದನ್ನು ಹೇಳುವುದಿಲ್ಲ. 2020ರಲ್ಲಿ ಬಂದ ಜಾವಾ 14ರಲ್ಲಿ ಒಂದು ಫ್ಲ್ಯಾಗ್ ಹಾಕಿದರೆ, ಗೆಟ್‌ಅಡ್ರೆಸ್‌ನಂಥ ಯಾವ ಮೆಥಡ್ ನಲ್ ಕೊಟ್ಟಿತು ಅಂತ ಮೆಸೇಜಿನಲ್ಲೇ ಬರುತ್ತದೆ. 15ರಿಂದ ಫ್ಲ್ಯಾಗೂ ಬೇಡ. ನಮ್ಮ ಅಪ್‌ಗ್ರೇಡ್ ಟಿಕೆಟ್ ಮಾತ್ರ ಪ್ರತಿ ಸ್ಪ್ರಿಂಟ್‌ನಲ್ಲೂ, ಅಂದರೆ ಕೆಲಸದ ಪ್ರತಿ ಕಂತಿನಲ್ಲೂ, ಮುಂದಕ್ಕೆ ಹೋಗುತ್ತದೆ. ಬಿಸಿನೆಸ್ ವ್ಯಾಲ್ಯೂ ಏನು ಅಂತ ಕೇಳುತ್ತಾರೆ. ಆ ಸಂಜೆಯ ಕ್ಯೂ ನೋಡಿದ್ದರೆ ಕೇಳುತ್ತಿರಲಿಲ್ಲ.

ಅಕೌಂಟ್ ಇಲ್ಲದೆ ಕೊಳ್ಳುವ ಗೆಸ್ಟ್ ಚೆಕ್‌ಔಟ್ ಇರಬೇಕು, ಕಸ್ಟಮರ್ರೇ ನಲ್ ಅಂದುಕೊಂಡೆ. ಚೆಕ್ ಹಾಕಿ ಬಿಲ್ಡ್‌ಗೆ ಬಿಟ್ಟೆ. ಬಿಲ್ಡ್ ಮುಗಿಯುವವರೆಗೂ ಎಲ್ಲರೂ ಸೇರಿದ್ದ ಬ್ರಿಡ್ಜ್ ಕಾಲ್‌ನಲ್ಲಿ ಒಂದೇ ಪ್ರಶ್ನೆ, ಇಟಿಎ ಎಷ್ಟು, ಅಂದರೆ ಯಾವಾಗ ಸರಿಹೋಗುತ್ತದೆ ಅಂತ. ಡಿಪ್ಲಾಯ್ ಆಯಿತು. ಮತ್ತೆ ಅದೇ ಎಕ್ಸೆಪ್ಶನ್. ಆಗ ಹೊಳೆಯಿತು, ಅಂಗಡಿಗೆ ಬಂದು ತಗೊಂಡು ಹೋಗುವವರಿಗೆ ಡೆಲಿವರಿ ಅಡ್ರೆಸ್ ಎಲ್ಲಿಂದ ಬರಬೇಕು? ಅಡ್ರೆಸ್ ನಲ್.

ತುರ್ತು ರಿಪೇರಿಯ ಹಾಟ್‌ಫಿಕ್ಸ್ ಹೋಯಿತು. ಅಡ್ರೆಸ್ ಇಲ್ಲದಿದ್ದರೆ ಸ್ಟೇಟ್ ಕೋಡ್ ಖಾಲಿ ಸ್ಟ್ರಿಂಗ್. ಬಿಲ್ ಬಂತು, ಎಲ್ಲರೂ ಕಾಲ್ ಬಿಟ್ಟರು. ಮಾರನೇ ದಿನ ಅಕೌಂಟ್ಸ್ ಮೇಡಂ ಫೋನ್ ಮಾಡಿದರು: "ಜಯನಗರದಲ್ಲೇ ಕೊಟ್ಟ ಸಾಮಾನಿಗೆ ಐಜಿಎಸ್‌ಟಿ ಯಾಕ್ರೀ ಬಿದ್ದಿದೆ?"

ಜಿಎಸ್‌ಟಿಯಲ್ಲಿ ಕರ್ನಾಟಕದ ಕೋಡ್ 29. ಮಾರುವವರ ರಾಜ್ಯ, ಪೂರೈಕೆಯ ಸ್ಥಳದ ರಾಜ್ಯ ಎರಡೂ 29 ಇದ್ದರೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅರ್ಧರ್ಧ. ಬೇರೆ ಇದ್ದರೆ ಅಂತರರಾಜ್ಯ ಮಾರಾಟದ ತೆರಿಗೆ ಐಜಿಎಸ್‌ಟಿ. ಖಾಲಿ ಸ್ಟ್ರಿಂಗ್ 29ಕ್ಕೆ ಸಮವಲ್ಲವಲ್ಲ, ಹಾಗಾಗಿ ಪಿಕಪ್ ಬಿಲ್ಲೆಲ್ಲ ಹೊರರಾಜ್ಯದ ಲೆಕ್ಕಕ್ಕೆ ಹೋಗಿತ್ತು. ಎಕ್ಸೆಪ್ಶನ್ ಬಂದಾಗ ತಪ್ಪಾಗಿದೆ ಅಂತಾದರೂ ಗೊತ್ತಾಗುತ್ತಿತ್ತು. ನಲ್ ಚೆಕ್ ಹಾಕಿದ ಮೇಲೆ ತಪ್ಪು ಸದ್ದಿಲ್ಲದೆ ಇನ್‌ವಾಯ್ಸ್ ಒಳಗೆ ಕೂತಿತು.

ಇಷ್ಟಾದ ಮೇಲೂ ಮೂಲ ಕಾರಣ ಹುಡುಕುವ ವರದಿಯಲ್ಲಿ, ಅಂದರೆ ಆರ್‌ಸಿಎಯಲ್ಲಿ, ಬರೆದದ್ದು "ನಲ್ ಚೆಕ್ ಇರಲಿಲ್ಲ" ಅಂತ. ನಾನು ಒಪ್ಪಲಿಲ್ಲ. ಆರ್ಡರ್ ಒಳಗೆ ಕಸ್ಟಮರ್, ಅವರೊಳಗೆ ಅಡ್ರೆಸ್, ಅದರೊಳಗೆ ಸ್ಟೇಟ್ ಇದೆ ಅನ್ನೋದು ಟ್ಯಾಕ್ಸ್ ಕ್ಲಾಸಿಗೆ ಯಾಕೆ ಗೊತ್ತಿರಬೇಕು? ಅದಕ್ಕೆ ಬೇಕಾಗಿದ್ದು ಒಂದೇ ಉತ್ತರ, ತೆರಿಗೆ ಯಾವ ರಾಜ್ಯದ್ದು ಅಂತ. ಅದನ್ನು ಆರ್ಡರ್‌ಗೇ ಕೇಳಬೇಕು. ಡೆಲಿವರಿ ಆರ್ಡರ್ ತನ್ನ ಅಡ್ರೆಸ್ ನೋಡಿ ಹೇಳುತ್ತದೆ, ಪಿಕಪ್ ಆರ್ಡರ್ ಅಂಗಡಿಯ ರಾಜ್ಯ ಹೇಳುತ್ತದೆ. ಮೆಥಡ್ ಹೆಸರು ಒಂದೇ, ಕರೆಯುವ ಕಡೆ ಒಂದು ಇಫ್ ಕೂಡ ಬೇಡ.

ಇದು ನನ್ನ ಹೊಸ ಕಲ್ಪನೆಯಲ್ಲ. 1987ರಲ್ಲೇ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯಲ್ಲಿ ಲಾ ಆಫ್ ಡಿಮೀಟರ್ ಅಂತ ಇದನ್ನು ಬರೆದಿಟ್ಟರು. ಒಂದು ಮೆಥಡ್ ತನ್ನ ಆಬ್ಜೆಕ್ಟ್, ಅದರ ಫೀಲ್ಡ್, ತನಗೆ ಬಂದ ಪ್ಯಾರಾಮೀಟರ್, ತಾನೇ ಸೃಷ್ಟಿಸಿದ ಆಬ್ಜೆಕ್ಟ್ ಇಷ್ಟರ ಮೆಥಡ್ ಕರೆಯಬಹುದು. ಅವು ಕೊಟ್ಟ ಆಬ್ಜೆಕ್ಟಿನೊಳಗೆ ಮತ್ತೆ ಕೈ ಹಾಕಬಾರದು. ಹಾಗಂತ ಸುಮ್ನೆ ಡಾಟ್ ಎಣಿಸುತ್ತಾ ಕೂರಬೇಡಿ. ಅಕ್ಷರಗಳನ್ನು ಜೋಡಿಸುವ ಸ್ಟ್ರಿಂಗ್‌ಬಿಲ್ಡರ್‌ನ ಅಪೆಂಡ್ ಎಷ್ಟು ಸಲ ಬಂದರೂ ತನ್ನನ್ನೇ ವಾಪಸ್ ಕೊಡುತ್ತದೆ, ಅದರಿಂದ ತೊಂದರೆಯಿಲ್ಲ.

ನನ್ನ ಬದಲಾವಣೆಯನ್ನು ಟೀಮ್ ಪರಿಶೀಲಿಸುವ ಪಿಆರ್‌ನಲ್ಲಿ ಜಗಳವೇ ಆಯಿತು. ಆರ್ಡರ್ ಕ್ಲಾಸಿನಲ್ಲಿ ಮೆಥಡ್ ಜಾಸ್ತಿ ಆಗುತ್ತವೆ ಅಂದರು. ಹೌದು, ಆಗುತ್ತವೆ. ಆದರೆ ಅದೇ ನಾಲ್ಕು ಡಾಟ್‌ನ ಚೈನ್ ಶಿಪ್ಪಿಂಗ್ ಲೇಬಲ್, ಎಸ್‌ಎಂಎಸ್, ರಿಪೋರ್ಟ್ ಎಲ್ಲದರಲ್ಲೂ ಕಾಪಿ ಆಗಿತ್ತು. ಅಡ್ರೆಸ್ ವಿಷಯ ಬದಲಾದಾಗಲೆಲ್ಲ ಅಷ್ಟೂ ಕಡೆ ಹುಡುಕುವುದಕ್ಕಿಂತ ಇದು ವಾಸಿ ಅಲ್ವಾ? ಕೊನೆಗೆ ಒಪ್ಪಿಗೆ ಸಿಕ್ಕಿ ಮರ್ಜ್ ಆಯಿತು. ರಿಟರ್ನ್ಸ್ ಮಾಡ್ಯೂಲಿನಲ್ಲಿ ಆ ಚೈನ್ ಇನ್ನೂ ಇದೆ. ಪಿಕಪ್ ಆರ್ಡರ್‌ಗೆ ರಿಟರ್ನ್ ಶುರು ಮಾಡುವ ಮೊದಲು ಅದನ್ನು ತೆಗೆಯಲೇಬೇಕು ಅಂತ ಪಟ್ಟು ಹಿಡಿದಿದ್ದೇನೆ.