ಸೈಟ್ ತೆರೆದಿದೆ, ಡೆಲಿವರಿ ಮಾತ್ರ ಇಲ್ಲ

ನೆದರ್ಲೆಂಡ್ಸ್‌ನಲ್ಲಿ ಕೂತು ಜರ್ಮನಿಯ ಒಂದು ಆನ್‌ಲೈನ್ ಅಂಗಡಿಯಿಂದ ಹೊಲಿಗೆ ಮೆಷಿನ್ ತರಿಸಲು ಹೊರಟಿದ್ದೆ. ಅಲ್ಲಿ ಬೆಲೆ ಕಡಿಮೆ. ಡೆಲಿವರಿ ಅಡ್ರೆಸ್ ಹಾಕುವಾಗ ದೇಶಗಳ ಪಟ್ಟಿ ತೆರೆದರೆ ಇದ್ದದ್ದು ಒಂದೇ ಹೆಸರು, ಜರ್ಮನಿ.

ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆಂದೇ ಒಂದು ಕಾನೂನಿದೆ. 2018ರ ಡಿಸೆಂಬರ್ 3ರಿಂದ ಜಾರಿಯಲ್ಲಿದೆ. ಬೇರೆ ಸದಸ್ಯ ದೇಶದವರು ಅಂತ ಸೈಟ್ ಮುಚ್ಚುವಂತಿಲ್ಲ. ನಮ್ಮನ್ನು ಕೇಳದೆ ಇನ್ನೊಂದು ದೇಶದ ಸೈಟ್‌ಗೆ ತಳ್ಳುವಂತಿಲ್ಲ. ಒಂದು ಬಗೆಯ ಕಾರ್ಡ್ ತೆಗೆದುಕೊಳ್ಳುತ್ತೇವೆ ಅಂದ ಮೇಲೆ, ನಿಮ್ಮದು ಬೇರೆ ದೇಶದ ಬ್ಯಾಂಕಿನದು ಅಂತ ತಕರಾರು ಮಾಡುವಂತಿಲ್ಲ. ಎಲ್ಲಾ ಸರಿ. ಆದರೆ ಮನೆಗೆ ಕಳಿಸಲೇಬೇಕು ಅಂತ ಮಾತ್ರ ಇಲ್ಲ! ಊಟಕ್ಕೆ ಕರೆದು ಎಲೆ ಹಾಕದ ಹಾಗಾಯಿತು, ಅಲ್ವಾ? ಸಣ್ಣ ಅಂಗಡಿಗಳಿಗೆ ಎಲ್ಲಾ ದೇಶಕ್ಕೂ ಕಳಿಸುವುದು ಹೊರೆ ಅನ್ನುವುದು ಇದರ ಹಿಂದಿನ ಯೋಚನೆ. ಅದೇನೋ ಒಪ್ಪುವ ಮಾತೇ.

ಕೊನೆಗೆ ಬಿಲ್ಲಿಂಗ್ ಅಡ್ರೆಸ್ ನನ್ನದು, ಡೆಲಿವರಿ ಗಡಿಯಾಚೆ ಜರ್ಮನಿಯ ಆಖನ್‌ನಲ್ಲಿರುವ ಗೆಳತಿಯ ಮನೆಗೆ ಅಂತ ಹಾಕಿದೆ. ತಕ್ಷಣ ಆರ್ಡರ್ ಆಯಿತು.

ಸಿನಿಮಾ, ಟಿವಿ ಸ್ಟ್ರೀಮಿಂಗ್ ಈ ಕಾನೂನಿನ ಹೊರಗೇ ಉಳಿದಿವೆ. ನನಗೆ ಅದೇ ಜಾಸ್ತಿ ಬೇಜಾರು.

ಇನ್ನು, ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ಬೇಡ ಅನ್ನಬಹುದು. ವಾಪಸ್ ಕಳಿಸುವ ಖರ್ಚು ಮಾತ್ರ ಸಾಮಾನ್ಯವಾಗಿ ನಮ್ಮದೇ. ಅದಕ್ಕೇ ಗೆಳತಿಗೆ ಹೇಳಿದ್ದೇನೆ, ಬಾಕ್ಸ್ ಬಂದ ಕೂಡಲೇ ಬಿಚ್ಚಿ ಒಂದು ಹೊಲಿಗೆ ಹಾಕಿ ನೋಡು ಅಂತ.